ಖರ್ಗೆ ಅವರ ಐದು ದಶಕ: ಸಿಗದ ಕುರ್ಚಿ, ಉಳಿದ ಕಾನೂನು

2025ರ ಜುಲೈ ಕೊನೆಯಲ್ಲಿ ವಿಜಯಪುರದ ಸಭೆಯೊಂದರಲ್ಲಿ ಮಾತನಾಡುತ್ತ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಅವರು 1999ರ ಸಂಗತಿಯನ್ನು ಎತ್ತಿದರು. ಶಾಸಕಾಂಗ ಪಕ್ಷದ ನಾಯಕನಾಗಿ ವರ್ಷಗಟ್ಟಲೆ ದುಡಿದು ಪಕ್ಷವನ್ನು ಅಧಿಕಾರಕ್ಕೆ ತಂದರೂ, ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿ ಬಂದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾದರು, ತಮ್ಮ ಸೇವೆ ನೀರಿನಲ್ಲಿ ಹೋಯಿತು ಎಂಬ ಅರ್ಥದ ಮಾತದು. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ನಡುವೆ ಮುಖ್ಯಮಂತ್ರಿ ಸ್ಥಾನದ ಪೈಪೋಟಿಯ ಸುದ್ದಿ ಬಿಸಿಯಾಗಿದ್ದ ಹೊತ್ತಿನಲ್ಲಿ ಈ ಮಾತು ಬಂದದ್ದರಿಂದ, ಖರ್ಗೆ ಅವರೇ ರಾಜ್ಯಕ್ಕೆ ಮರಳುವ ಸೂಚನೆ ಇದೆಂದು ಹಲವರು ಬಗೆದರು. ಚರ್ಚೆ ಎಂದಿನಂತೆ ಮೂರನೆಯ ಹೆಸರಿನ ಸುತ್ತ, ದಲಿತ ಮುಖ್ಯಮಂತ್ರಿಯ ಸುತ್ತ ಒಂದಿಷ್ಟು ದಿನ ತಿರುಗಿ ನಿಂತಿತು.

ಆ ನೋವನ್ನು ಹಗುರವಾಗಿ ಕಾಣುವಂತಿಲ್ಲ. ಕರ್ನಾಟಕಕ್ಕೆ ಇಲ್ಲಿಯವರೆಗೆ ಒಬ್ಬ ದಲಿತ ಮುಖ್ಯಮಂತ್ರಿಯೂ ಸಿಕ್ಕಿಲ್ಲ, ಬಿ. ಬಸವಲಿಂಗಪ್ಪ, ಕೆ.ಎಚ್. ರಂಗನಾಥ್ ಅವರಂಥವರ ಹೆಸರುಗಳು ಬೇರೆ ಬೇರೆ ಕಾಲದಲ್ಲಿ ಕೇಳಿಬಂದು ಹಿಂದೆ ಸರಿದವು. ಖರ್ಗೆ ಅವರ ವಿಷಯದಲ್ಲಿ ಅದು 1999, 2004 ಮತ್ತು 2013ರಲ್ಲಿ, ಒಟ್ಟು ಮೂರು ಸಲ ಆಯಿತು. ಆದರೆ ಐದು ದಶಕ ಮೀರಿದ ಒಂದು ರಾಜಕೀಯ ಬದುಕನ್ನು ಸಿಗದೇ ಹೋದ ಒಂದು ಕುರ್ಚಿಯಿಂದಲೇ ಅಳೆಯುತ್ತ ಕುಳಿತರೆ, ಆ ಬದುಕು ಏನನ್ನು ಕಟ್ಟಿತು, ಏನನ್ನು ಕಟ್ಟಲಾರದೆ ಹೋಯಿತು ಎಂಬ ಹೆಚ್ಚು ಮುಖ್ಯವಾದ ಲೆಕ್ಕ ತಪ್ಪಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಖರ್ಗೆ ಅವರ ನಿಜವಾದ ಶಕ್ತಿ ಸದನದಲ್ಲಿ, ಸಮಿತಿಯಲ್ಲಿ, ಕಾನೂನಿನ ಕರಡಿನಲ್ಲಿ ಇತ್ತು. ಅವರು ಕಾನೂನಿಗೆ ಕಟ್ಟಿಹಾಕಿದ್ದು ಅವರ ಅಧಿಕಾರ ಮುಗಿದ ಮೇಲೂ ಉಳಿಯಿತು. ಹುದ್ದೆಯ ಬಲದ ಮೇಲಷ್ಟೇ ನಿಲ್ಲಿಸಿದ್ದು ಹುದ್ದೆಯೊಂದಿಗೇ ಹೋಯಿತು.

ಅವರು ಹುಟ್ಟಿದ್ದು 1942ರ ಜುಲೈ 21ರಂದು, ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಆ ಊರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರು ಮನೆಗೆ ಹಚ್ಚಿದ ಬೆಂಕಿಯಲ್ಲಿ ತಾಯಿಯೂ ಸಹೋದರಿಯೂ ಸತ್ತರು. ಹೊಲದಲ್ಲಿದ್ದ ತಂದೆ ಮಾಪಣ್ಣ ಅವರು ಉಳಿದ ಎಳೆಯ ಮಗನನ್ನು ಕರೆದುಕೊಂಡು ಊರು ಬಿಟ್ಟು, ಕೊನೆಗೆ ಕಲಬುರಗಿಯಲ್ಲಿ ನೆಲೆ ಕಂಡುಕೊಂಡರು. ಈ ಕಥೆಯನ್ನು ಖರ್ಗೆ ಅವರು ರಾಜಕೀಯ ಬಂಡವಾಳ ಮಾಡಿಕೊಂಡವರಲ್ಲ ಎಂಬುದನ್ನು ಗಮನಿಸಬೇಕು. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಚುನಾವಣಾ ಪ್ರಚಾರದಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್ ಅವರು ಇದನ್ನೇ ಹಿಡಿದು, ಮತಗಳಿಗಾಗಿ ಖರ್ಗೆ ಅವರು ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ಟೀಕಿಸಿದರು. ಅದಕ್ಕೆ ಅವರ ಮಗ, ಸಚಿವ ಪ್ರಿಯಾಂಕ್ ಖರ್ಗೆ ಅವರು ಉತ್ತರ ಕೊಟ್ಟರು: ಆ ಕೃತ್ಯ ರಜಾಕಾರರದು, ಇಡೀ ಮುಸ್ಲಿಂ ಸಮುದಾಯದ್ದಲ್ಲ. ಮನೆಯಲ್ಲಿ ಅಂಥ ದುರಂತವನ್ನು ಕಂಡವರಿಂದ ಈ ಬಗೆಯ ವಿವೇಕದ ಮಾತು ಬಂದದ್ದು ನಮ್ಮ ಇಂದಿನ ಸಾರ್ವಜನಿಕ ಬದುಕಿನಲ್ಲಿ ಬೆಲೆಯುಳ್ಳ ಸಂಗತಿಯೆಂದು ನಾನು ನಂಬುತ್ತೇನೆ.

ಕಲಬುರಗಿಯ ನೂತನ ವಿದ್ಯಾಲಯದಲ್ಲಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಪದವಿ, ಶೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಕಾನೂನು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರ ಕೈಕೆಳಗೆ ವಕೀಲಿಕೆ ಆರಂಭಿಸಿದ ಅವರು ಕಾರ್ಮಿಕ ಸಂಘಗಳ ಮೊಕದ್ದಮೆಗಳನ್ನು ನಡೆಸಿದರು. 1969ರಲ್ಲಿ ಎಂಎಸ್‌ಕೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾದರು. ಅದೇ ವರ್ಷ ಕಾಂಗ್ರೆಸ್ ಒಡೆಯಿತು, ಅದೇ ವರ್ಷ ಖರ್ಗೆ ಅವರು ಕಾಂಗ್ರೆಸ್ ಸೇರಿದರು. ಎಸ್. ನಿಜಲಿಂಗಪ್ಪ ಅವರ ಹಳೆಯ ಕಾಂಗ್ರೆಸ್ ಒಂದು ಕಡೆ, ಇಂದಿರಾ ಗಾಂಧಿ ಅವರ ಜೊತೆ ನಿಂತ ದೇವರಾಜ ಅರಸು ಇನ್ನೊಂದು ಕಡೆ. ಅರಸು ಅವರು ಹಿಂದುಳಿದವರ ಮತ್ತು ದಲಿತರ ನಡುವಿನಿಂದ ಹೊಸ ಮುಖಗಳನ್ನು ಹುಡುಕಿ ತಂದ ಕಾಲವದು. 1972ರಲ್ಲಿ, ಮೂವತ್ತು ತುಂಬುವ ಮುನ್ನವೇ, ಖರ್ಗೆ ಅವರು ಗುರುಮಠಕಲ್‌ನಿಂದ ವಿಧಾನಸಭೆಗೆ ಬಂದರು.

ಆಮೇಲಿನ ಅವರ ಕೆಲಸದ ಪಟ್ಟಿಯಲ್ಲಿ ಎದ್ದು ಕಾಣುವ ಹುದ್ದೆಗಳಿಗಿಂತ, ಯಾರ ಕಣ್ಣಿಗೂ ಹೆಚ್ಚು ಬೀಳದ ಜವಾಬ್ದಾರಿಗಳನ್ನು ನೋಡಬೇಕು. 1973ರಲ್ಲಿ, ಊರೊಳಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಆಕ್ಟ್ರಾಯ್ ಸುಂಕದ ರದ್ದತಿಯನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷತೆ. 1976ರಲ್ಲಿ ಪ್ರಾಥಮಿಕ ಶಿಕ್ಷಣ ರಾಜ್ಯ ಸಚಿವರಾಗಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಾಗಿಯೂ ವರ್ಷಗಳಿಂದ ಖಾಲಿ ಬಿದ್ದಿದ್ದ 16,000ಕ್ಕೂ ಹೆಚ್ಚು ಶಿಕ್ಷಕರ ಬ್ಯಾಕ್‌ಲಾಗ್ ಹುದ್ದೆಗಳಿಗೆ ನೇಮಕಾತಿ. ಇದು ಸಣ್ಣ ಸಂಖ್ಯೆಯಲ್ಲ. ಒಂದು ಹಳ್ಳಿಯ ಶಾಲೆಗೆ ಮೊದಲ ಬಾರಿಗೆ ದಲಿತ ಶಿಕ್ಷಕರು ಬಂದು ಹಾಜರಿ ಕರೆಯುವುದೆಂದರೆ ಆ ಊರಿನ ಮಕ್ಕಳಿಗೆ, ಅದರಲ್ಲೂ ಕೇರಿಯ ಮಕ್ಕಳಿಗೆ, ಏನಾಗಿತ್ತು ಎಂಬುದನ್ನು ಆ ಕಾಲವನ್ನು ಕಂಡವರು ಬಲ್ಲರು. ಒಂದು ಸರ್ಕಾರಿ ಸಂಬಳ ಮನೆಗೆ ಬಂತೆಂದರೆ ತಮ್ಮಂದಿರ ಓದು, ತಂಗಿಯರ ಓದು ಸಾಗಿತು. ಮುಂದಿನ ಪೀಳಿಗೆ ಕಾಲೇಜಿನ ಮೆಟ್ಟಿಲು ಹತ್ತಿತು. 1980ರಲ್ಲಿ ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆ ವಹಿಸಿಕೊಂಡಾಗ, ಉಳುವವನಿಗೇ ಭೂಮಿ ಎಂದ 1974ರ ತಿದ್ದುಪಡಿಯ ಜಾರಿ ಅವರ ಕೈಗೆ ಬಂತು. ಗೇಣಿದಾರರ ಅರ್ಜಿಗಳನ್ನು ಇತ್ಯರ್ಥಪಡಿಸುವ ಭೂ ನ್ಯಾಯಮಂಡಳಿಗಳ ಸಂಖ್ಯೆಯನ್ನು ಹೆಚ್ಚಿಸಿದ್ದು ಆ ಅವಧಿಯಲ್ಲಿ. ಕಾನೂನು ಮಾಡಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಅರ್ಜಿಗಳ ಕಡತಗಳನ್ನು ಮುಗಿಸಲು ನಿಂತವರ ಹೆಸರು ಅಷ್ಟಾಗಿ ಉಳಿಯುವುದಿಲ್ಲ. ಆದರೂ ರೈತನ ಕೈಗೆ ಹಕ್ಕುಪತ್ರ ಬರುವುದು ಈ ಎರಡನೆಯ ಕೆಲಸದಿಂದಲೇ.

ಎಲ್ಲವೂ ಹೀಗೆ ಹೆಮ್ಮೆ ಪಡುವಂತೆಯೇ ನಡೆಯಲಿಲ್ಲ. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿದ ಮೇಲೆ, 1996ರಿಂದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿ ಅವರು ಪಕ್ಷವನ್ನು ಹಿಡಿದು ನಿಲ್ಲಿಸಿದರು. 1999ರಲ್ಲಿ ಪಕ್ಷ 132 ಸ್ಥಾನ ಗೆದ್ದಾಗ ಅವರಿಗೆ ದಕ್ಕಿದ್ದು ಗೃಹ ಖಾತೆ. 2000ದ ಜುಲೈ 30ರಂದು ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಒತ್ತೆಯಲ್ಲಿಟ್ಟದ್ದು ಎಲ್ಲರ ನೆನಪಿನಲ್ಲಿದೆ. ಅದಕ್ಕೂ ಕೆಲವು ತಿಂಗಳ ಮುಂಚೆ, ಮಾರ್ಚ್ 11ರಂದು, ಅವಿಭಜಿತ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟು ಕೊಂದರು. ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ದಲಿತ ನಾಯಕರೊಬ್ಬರು ಗೃಹ ಸಚಿವರಾಗಿದ್ದಾಗಲೇ ಇದು ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪುಗಳು ಬಂದದ್ದು ಅವರು ಆ ಖಾತೆ ಬಿಟ್ಟ ಎಷ್ಟೋ ವರ್ಷಗಳ ನಂತರ ನಿಜ. ಆದರೆ ಸಾಕ್ಷಿಗಳಿಗೆ ರಕ್ಷಣೆ ಕೊಡುವ, ತನಿಖೆಯನ್ನು ಗಟ್ಟಿಯಾಗಿ ಕಟ್ಟುವ ಹೊಣೆ ಮೊದಲ ದಿನಗಳ ಆಡಳಿತದ್ದು. ಖರ್ಗೆ ಅವರ ಬದುಕಿನ ಬಗ್ಗೆ ಬರೆಯುವವರು ಈ ಪುಟವನ್ನು ಮಗುಚಿ ಮುಂದೆ ಹೋಗುವುದು ಸರಿಯಲ್ಲ. ಅಧಿಕಾರದಲ್ಲಿ ಒಬ್ಬ ದಲಿತರಿದ್ದ ಮಾತ್ರಕ್ಕೆ ಪೊಲೀಸ್ ಠಾಣೆಯ ಮಟ್ಟದಲ್ಲಿ ಏನೂ ತಾನಾಗಿ ಬದಲಾಗುವುದಿಲ್ಲ ಎಂಬುದಕ್ಕೆ ಇಷ್ಟು ಕಹಿಯಾದ ಪುರಾವೆ ಇನ್ನೊಂದಿಲ್ಲ.

2004ರಲ್ಲಿ ಮುಖ್ಯಮಂತ್ರಿ ಸ್ಥಾನ ಕಲಬುರಗಿ ಜಿಲ್ಲೆಗೇ ಬಂತು, ಜೇವರ್ಗಿಯ ಧರ್ಮಸಿಂಗ್ ಅವರಿಗೆ. ಜಿಲ್ಲೆಯ ಜನ ಲವ-ಕುಶ ಎಂದು ಕರೆಯುತ್ತಿದ್ದ ಜೋಡಿಯಲ್ಲಿ ಒಬ್ಬರು ಮುಖ್ಯಮಂತ್ರಿ, ಇನ್ನೊಬ್ಬರು ಅವರ ಸಂಪುಟದ ಸಚಿವ. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದಾಗ ಖರ್ಗೆ ಅವರು ಚಿತ್ತಾಪುರದಿಂದ ಒಂಬತ್ತನೆಯ ಸಲ ಶಾಸಕರಾದರು, ಮರುವರ್ಷವೇ ಕಲಬುರಗಿಯ ಸಂಸದರಾಗಿ ದೆಹಲಿಗೆ ಹೋಗಿ ಮನಮೋಹನ್ ಸಿಂಗ್ ಸಂಪುಟದಲ್ಲಿ ಕಾರ್ಮಿಕ ಸಚಿವರಾದರು.

ಈ ಬದುಕಿನ ಅತಿ ದೊಡ್ಡ ಸಾಧನೆ ಈ ಅವಧಿಯದು. ನಿಜಾಮರ ಆಳ್ವಿಕೆಯಲ್ಲಿದ್ದ ತೆಲಂಗಾಣಕ್ಕೆ 1973ರ ಸಂವಿಧಾನ ತಿದ್ದುಪಡಿಯಿಂದ 371ಡಿ ವಿಧಿಯಡಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ರಕ್ಷಣೆ ದೊರೆತಿತ್ತು. ಅದೇ ಸಂಸ್ಥಾನದಿಂದ 1956ರಲ್ಲಿ ಕನ್ನಡನಾಡಿಗೆ ಬಂದು ಸೇರಿದ ಜಿಲ್ಲೆಗಳಿಗೆ ಅಂಥದ್ದೇನೂ ಇರಲಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಸಲ್ಲಿಸಿದ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವು ಎಂದಿತು; ಆ 39ರಲ್ಲಿ 21 ಕಲಬುರಗಿ ವಿಭಾಗದವು. ವೈಜನಾಥ ಪಾಟೀಲರಂಥವರ ನೇತೃತ್ವದ ಹೋರಾಟ ಸಮಿತಿ ವರ್ಷಗಳ ಕಾಲ ಬೀದಿಯಲ್ಲಿ ಕೇಳುತ್ತಿದ್ದದ್ದು ತೆಲಂಗಾಣಕ್ಕೆ ಕೊಟ್ಟದ್ದನ್ನೇ ನಮಗೂ ಕೊಡಿ ಎಂದು. ಎಲ್.ಕೆ. ಅಡ್ವಾಣಿ ಅವರು ಗೃಹ ಸಚಿವರಾಗಿದ್ದಾಗ ಕೇಂದ್ರ ಅದನ್ನು ತಿರಸ್ಕರಿಸಿತ್ತು.

ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೆಯ ಎರಡರಷ್ಟು ಬೆಂಬಲ ಬೇಕು. ಯುಪಿಎ ಸರ್ಕಾರದ ಎರಡನೆಯ ಅವಧಿಯಲ್ಲಿ, ಪ್ರತಿ ಅಧಿವೇಶನವೂ ಗದ್ದಲದಲ್ಲಿ ಮುಳುಗುತ್ತಿದ್ದ ದಿನಗಳಲ್ಲಿ, ದೇಶದ ಉಳಿದ ಭಾಗಗಳ ಸಂಸದರಿಗೆ ಹೆಸರೂ ಪರಿಚಯವಿಲ್ಲದ ಆರು ಜಿಲ್ಲೆಗಳ ಸಲುವಾಗಿ ಅಷ್ಟು ಮತಗಳನ್ನು ಒಟ್ಟುಗೂಡಿಸುವುದು ಸುಲಭವಾಗಿರಲಿಲ್ಲ. ಸಂಪುಟದ ಒಳಗೆ ಒತ್ತಡ, ವಿರೋಧ ಪಕ್ಷಗಳ ನಾಯಕರ ಭೇಟಿ, ಅಧಿಕಾರಿಗಳ ಆಕ್ಷೇಪಗಳಿಗೆ ಉತ್ತರ, ಹೀಗೆ ಈ ಕೆಲಸದ ಹಿಂದೆ ಖರ್ಗೆ ಅವರಿದ್ದರು. ಬೀದರ್ ಸಂಸದರಾಗಿದ್ದ ಧರ್ಮಸಿಂಗ್ ಅವರೂ ಜೊತೆಗಿದ್ದರು. ಆಗ ರಾಜ್ಯದಲ್ಲಿದ್ದ ಬಿಜೆಪಿ ಸರ್ಕಾರವೂ ಬೆಂಬಲಿಸಿತು ಎಂಬುದನ್ನು ಮರೆಯಬಾರದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 98ನೆಯ ತಿದ್ದುಪಡಿಯಾಗಿ 371ಜೆ ವಿಧಿ ಸಂವಿಧಾನದೊಳಗೆ ಬಂತು.

ಈ ವಿಧಿ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಸ್ಥಾಪಿಸಿ ಅದರ ವಿಶೇಷ ಹೊಣೆಯನ್ನು ರಾಜ್ಯಪಾಲರಿಗೆ ವಹಿಸಲು ಅವಕಾಶ ಕೊಡುತ್ತದೆ; ಅಲ್ಲಿ ಹುಟ್ಟಿದವರಿಗೆ ಅಥವಾ ನೆಲೆಸಿದವರಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಸೀಟುಗಳನ್ನು ಮೀಸಲಿಡುತ್ತದೆ; ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲೂ ಹಾಗೆಯೇ. ಪ್ರದೇಶದ ಹೊರಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲೂ ಶೇ 8ರ ಪಾಲು ಸಿಗುತ್ತದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಇದರ ಫಲ ಬೇಗ ಕಂಡಿತು. ಯಾದಗಿರಿಯ, ರಾಯಚೂರಿನ ಹಳ್ಳಿಯ ಮಗು ಇವತ್ತು ಸಿಇಟಿ ಕೌನ್ಸೆಲಿಂಗ್‌ನಲ್ಲಿ 371ಜೆ ಪ್ರಮಾಣಪತ್ರ ಹಿಡಿದು ನಿಲ್ಲುತ್ತದೆ. ಆ ಪ್ರಮಾಣಪತ್ರ ಯಾವ ಪಕ್ಷದ ಸರ್ಕಾರ ಬಂದರೂ ರದ್ದಾಗುವುದಿಲ್ಲ, ಏಕೆಂದರೆ ಅದು ಸಂವಿಧಾನದಲ್ಲಿದೆ. 2019ರಲ್ಲಿ ಬಿಜೆಪಿ ಸರ್ಕಾರ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಎಂದು ಕರೆಯಿತು, 2021ರಲ್ಲಿ ವಿಜಯನಗರ ಏಳನೆಯ ಜಿಲ್ಲೆಯಾಯಿತು, ಆದರೂ ವಿಧಿ ಹಾಗೆಯೇ ನಿಂತಿತು.

ಇದರ ಪಕ್ಕದಲ್ಲಿ ಕಲಬುರಗಿ ರೈಲ್ವೆ ವಿಭಾಗವನ್ನು ಇಟ್ಟು ನೋಡಬೇಕು. 2013ರ ಜೂನ್‌ನಲ್ಲಿ ರೈಲ್ವೆ ಸಚಿವರಾದ ಖರ್ಗೆ ಅವರು 2014ರ ಆರಂಭದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿ ಹೊಸ ವಿಭಾಗವನ್ನು ಪ್ರಕಟಿಸಿದರು, ಶಿಲಾನ್ಯಾಸವೂ ಆಯಿತು. ಕೆಲವೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಆಮೇಲೆ ಬಂದ ಸರ್ಕಾರಗಳು ಅದನ್ನು ಜಾರಿಗೆ ತರಲಿಲ್ಲ. ಸಚಿವರ ಘೋಷಣೆ ಸಚಿವರಿರುವವರೆಗೆ. ಕಾರ್ಮಿಕ ಸಚಿವರಾಗಿ ಅವರು ಕಲಬುರಗಿಗೆ ತಂದ ಇಎಸ್‌ಐ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯ ವಿಶಾಲ ಸಂಕೀರ್ಣ ಕಣ್ಣಿಗೆ ಕಾಣುವ ಕೊಡುಗೆಯಾಗಿ ಉಳಿದಿದೆ, ಕಟ್ಟಡ ಮೇಲೆದ್ದಿತ್ತೆಂಬ ಕಾರಣಕ್ಕೆ. ಕಾಗದದಲ್ಲಿದ್ದ ವಿಭಾಗಕ್ಕೆ ಆ ಭಾಗ್ಯವಿರಲಿಲ್ಲ.

2014ರಿಂದ 2019ರವರೆಗೆ ಲೋಕಸಭೆಯಲ್ಲಿ ಕಾಂಗ್ರೆಸ್ಸಿನ 44 ಸದಸ್ಯರ ನಾಯಕತ್ವ ಅವರದಾಗಿತ್ತು. ಸದನದ ಹತ್ತನೆಯ ಒಂದರಷ್ಟು, ಅಂದರೆ 55 ಸದಸ್ಯರಿಲ್ಲವೆಂದು ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನವನ್ನು ಕೊಡಲಿಲ್ಲ. ಆದರೆ ಸಿಬಿಐ ನಿರ್ದೇಶಕರ ಆಯ್ಕೆ ಸಮಿತಿಯಲ್ಲಿ ಅತಿ ದೊಡ್ಡ ವಿರೋಧ ಪಕ್ಷದ ನಾಯಕನಿಗೆ ಜಾಗವಿತ್ತು. 2019ರ ಜನವರಿಯಲ್ಲಿ ಅಲೋಕ್ ವರ್ಮಾ ಅವರನ್ನು ಆ ಹುದ್ದೆಯಿಂದ ತೆಗೆದಾಗ, ಪ್ರಧಾನಿ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರು ಒಂದು ಕಡೆ ನಿಂತರೆ ಖರ್ಗೆ ಅವರು ಲಿಖಿತ ಭಿನ್ನಮತ ದಾಖಲಿಸಿದರು. ಲೋಕಪಾಲ ಆಯ್ಕೆ ಸಮಿತಿಗೆ ಮತದಾನದ ಹಕ್ಕಿಲ್ಲದ ವಿಶೇಷ ಆಹ್ವಾನಿತನಾಗಿ ಬನ್ನಿ ಎಂದಾಗ ಪ್ರತಿ ಸಲವೂ ಪತ್ರ ಬರೆದು ನಿರಾಕರಿಸಿದರು. 2018ರ ಡಿಸೆಂಬರ್‌ನಲ್ಲಿ ರಫೇಲ್ ಯುದ್ಧವಿಮಾನ ಖರೀದಿ ಕುರಿತ ಸುಪ್ರೀಂ ಕೋರ್ಟ್ ತೀರ್ಪು, ಮಹಾಲೇಖಪಾಲರ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂಬರ್ಥದ ವಾಕ್ಯವನ್ನು ಒಳಗೊಂಡಿತ್ತು. ಅಂಥ ವರದಿ ತಮ್ಮ ಸಮಿತಿಯ ಮುಂದೆ ಬಂದೇ ಇಲ್ಲ ಎಂದು ಸಮಿತಿಯ ಅಧ್ಯಕ್ಷರಾಗಿದ್ದ ಖರ್ಗೆ ಅವರು ಹೇಳಿದರು, ಸರ್ಕಾರ ಆ ವಾಕ್ಯದ ತಿದ್ದುಪಡಿ ಕೋರಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಬಲವಿಲ್ಲದ ವಿರೋಧ ಪಕ್ಷಕ್ಕೆ ನಿಯಮಾವಳಿಯೇ ಆಸರೆ. ವಕೀಲಿಕೆಯಲ್ಲಿ ಪಳಗಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಭಾಷೆಯ ಮಾತನ್ನೂ ಇಲ್ಲಿ ಸೇರಿಸಬೇಕು. ದಕ್ಷಿಣದ ಹಲವು ನಾಯಕರಿಗೆ ಹಿಂದಿಯೇ ದೆಹಲಿಯ ಮೊದಲ ಗೋಡೆ. ಹಳೆಯ ಹೈದರಾಬಾದ್ ಸಂಸ್ಥಾನದ ನೆಲದಲ್ಲಿ ಬೆಳೆದ ಖರ್ಗೆ ಅವರಿಗೆ ಕನ್ನಡ, ಉರ್ದು, ಹಿಂದಿ, ಮರಾಠಿ, ತೆಲುಗು ಬೀದಿಯಲ್ಲೇ ಸಿಕ್ಕವು. ರಾಜ್ಯಸಭೆಯಲ್ಲಿ ಅವರು ಹಿಂದಿಯಲ್ಲಿ, ದಖನಿಯ ಲಯದಲ್ಲಿ, ನಡುನಡುವೆ ಶಾಯರಿ ಸೇರಿಸಿ ಮಾತನಾಡುವಾಗ ಉತ್ತರದ ಸದಸ್ಯರು ಕಿವಿಗೊಡುತ್ತಾರೆ. ನಾವು ಹಿಂದುಳಿದ ಪ್ರದೇಶ ಎಂದಷ್ಟೇ ಕರೆಯುವ ಆ ಸೀಮೆಯ ಸಿರಿವಂತಿಕೆ ಇದು.

2019ರಲ್ಲಿ ಅವರು ಮೊದಲ ಸಲ ಸೋತರು. ಸತತ ಹನ್ನೊಂದು ಗೆಲುವುಗಳ ನಂತರ, ಒಂದು ಕಾಲಕ್ಕೆ ತಮ್ಮದೇ ಪಕ್ಷದಲ್ಲಿದ್ದ ಉಮೇಶ ಜಾಧವ್ ಅವರ ಎದುರು, 95,000ಕ್ಕೂ ಹೆಚ್ಚು ಮತಗಳಿಂದ. ಮೋದಿ ಅಲೆ ಒಂದು ಕಾರಣ, ಸಂಶಯವಿಲ್ಲ. ಆದರೆ ಬಾಬುರಾವ್ ಚಿಂಚನಸೂರ, ಮಾಲೀಕಯ್ಯ ಗುತ್ತೇದಾರ ಅವರಂಥ ಸಮುದಾಯ ಮುಖಂಡರು ಒಬ್ಬೊಬ್ಬರಾಗಿ ದೂರವಾಗಿದ್ದರು. ಜಿಲ್ಲೆಯ ಕಾಂಗ್ರೆಸ್ ಒಂದು ಕುಟುಂಬದ ಸುತ್ತ ಗಟ್ಟಿಯಾಗುತ್ತಿದೆ ಎಂಬ ಅಸಮಾಧಾನ ಬೆಳೆದಿತ್ತು. ಅದು ಬರಿಯ ವಿರೋಧಿಗಳ ಪ್ರಚಾರವಾಗಿರಲಿಲ್ಲ. ಮಗ 2016ರಿಂದ ಹಲವು ಸಲ ಸಚಿವ, ಅಳಿಯ ರಾಧಾಕೃಷ್ಣ ದೊಡ್ಡಮನಿ ಅವರು 2024ರಿಂದ ಸಂಸದ. ಬೆಂಗಳೂರಿನ ಏರೋಸ್ಪೇಸ್ ಪಾರ್ಕ್‌ನಲ್ಲಿ ಕುಟುಂಬದವರ ಟ್ರಸ್ಟ್‌ಗೆ ಮಂಜೂರಾದ 5 ಎಕರೆ ನಿವೇಶನದ ಬಗ್ಗೆ ಪ್ರಶ್ನೆಗಳೆದ್ದಾಗ 2024ರಲ್ಲಿ ಟ್ರಸ್ಟ್ ಅದನ್ನು ಹಿಂದಿರುಗಿಸಿತು. ಮರಳಿಸಿದ್ದು ಸರಿ, ಕೇಳುವ ಮುನ್ನ ಇನ್ನಷ್ಟು ಯೋಚಿಸಿದ್ದರೆ ಅವರ ಘನತೆಗೆ ಅದು ತಕ್ಕುದಾಗಿರುತ್ತಿತ್ತು.

2022ರ ಅಕ್ಟೋಬರ್‌ನಲ್ಲಿ ಶಶಿ ತರೂರ್ ಅವರನ್ನು 1,072ರ ಎದುರು 7,897 ಮತಗಳಿಂದ ಸೋಲಿಸಿ, 24 ವರ್ಷಗಳ ನಂತರ ಗಾಂಧಿ ಕುಟುಂಬದ ಹೊರಗಿನ ಕಾಂಗ್ರೆಸ್ ಅಧ್ಯಕ್ಷರಾದರು. ನಿಜಲಿಂಗಪ್ಪ ಅವರ ನಂತರ ಈ ಸ್ಥಾನಕ್ಕೇರಿದ ಕನ್ನಡಿಗ, ದಾಮೋದರಂ ಸಂಜೀವಯ್ಯ ಮತ್ತು ಜಗಜೀವನ್ ರಾಮ್ ಅವರ ನಂತರದ ದಲಿತ ಅಧ್ಯಕ್ಷ. 2023ರಲ್ಲಿ ಕರ್ನಾಟಕ ಮತ್ತು ತೆಲಂಗಾಣದ ಗೆಲುವು, 2024ರ ಜನವರಿಯಲ್ಲಿ ಇಂಡಿಯಾ ಕೂಟದ ಅಧ್ಯಕ್ಷತೆ, ಅದೇ ವರ್ಷ ಲೋಕಸಭೆಯಲ್ಲಿ 99 ಸ್ಥಾನಗಳು. ಸಂವಿಧಾನದ ಪ್ರಶ್ನೆ ಮುಂಚೂಣಿಗೆ ಬಂದ ಆ ಚುನಾವಣೆಯಲ್ಲಿ ಅಧ್ಯಕ್ಷರು ಖರ್ಗೆ ಅವರಾಗಿದ್ದುದಕ್ಕೆ ಅರ್ಥವಿತ್ತು. ಕಲ್ಯಾಣ ಕರ್ನಾಟಕದ ಐದೂ ಲೋಕಸಭಾ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಬಂದವು. ಅದರ ಬೆನ್ನಿಗೇ ಹರಿಯಾಣ, ಮಹಾರಾಷ್ಟ್ರ, ದೆಹಲಿ, ಬಿಹಾರಗಳ ಸೋಲು. ಬೂತ್ ಮಟ್ಟದ ಸಂಘಟನೆ ಕಟ್ಟುವ ಕೆಲಸ ಅಧ್ಯಕ್ಷರ ಕಚೇರಿಯಿಂದ ಆಗಬೇಕಾದಷ್ಟು ಆಗಲಿಲ್ಲ.

2025ರ ಜೂನ್ ಕೊನೆಯಲ್ಲಿ, ಕರ್ನಾಟಕದ ನಾಯಕತ್ವ ಬದಲಾವಣೆಯ ಪ್ರಶ್ನೆಗೆ, ಅದು ಹೈಕಮಾಂಡ್ ಕೈಯಲ್ಲಿದೆ ಎಂದು ಅವರು ಉತ್ತರಿಸಿದಾಗ, ಅಧ್ಯಕ್ಷರೇ ಹೈಕಮಾಂಡ್ ಅಲ್ಲವೇ ಎಂದು ಬಿಜೆಪಿ ಕೇಳಿತು. ಪ್ರಶ್ನೆ ರಾಜಕೀಯದ್ದೇ ಆದರೂ ನ್ಯಾಯವಾದದ್ದು. 9,000ದಷ್ಟು ಪ್ರತಿನಿಧಿಗಳು ಮತ ಹಾಕಿ ಆರಿಸಿದ ಅಧ್ಯಕ್ಷರಿಗೆ ತಮ್ಮದೇ ರಾಜ್ಯದ ವಿಷಯದಲ್ಲಿ ಕೊನೆಯ ಮಾತು ಹೇಳುವ ಅಧಿಕಾರ ಇದ್ದಂತೆ ಕಾಣದಿದ್ದರೆ, ಆ ಚುನಾವಣೆಯ ಅರ್ಥವೇ ಕುಂದುತ್ತದೆ. ಖರ್ಗೆ ಅವರ ಸ್ವಭಾವ ಎಲ್ಲರನ್ನೂ ಕೇಳಿ, ಕಾದು, ಒಮ್ಮತ ಬಂದ ಮೇಲೆ ಹೆಜ್ಜೆಯಿಡುವಂಥದ್ದು. ತಿದ್ದುಪಡಿ ಮಸೂದೆಗೆ ಮತ ಕೂಡಿಸಲು ಆ ತಾಳ್ಮೆಯೇ ಬೇಕಿತ್ತು. ಪಕ್ಷದೊಳಗಿನ ಬಣಗಳಿಗೆ ಮಾತ್ರ ಅದೇ ತಾಳ್ಮೆ ಬಿಡುವು ಕೊಟ್ಟಿತು.

ಇವುಗಳಿಗಿಂತ ಹೆಚ್ಚು ಒತ್ತಿ ಕೇಳಬೇಕಾದ ಪ್ರಶ್ನೆ ಕಲಬುರಗಿಯದೇ. 371ಜೆ ಜಾರಿಯಾಗಿ ದಶಕ ಮೀರಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಒದಗಿಸುವ ಘೋಷಣೆಯಾಗಿದೆ. ಹೀಗಿದ್ದೂ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91 ಮುಟ್ಟಿದಾಗ ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಶಿಕ್ಷಕರ ಹುದ್ದೆಗಳು ದೊಡ್ಡ ಸಂಖ್ಯೆಯಲ್ಲಿ ಖಾಲಿಯಿವೆ, ಇರುವ ಜಾಗಗಳಲ್ಲಿ ಅತಿಥಿ ಶಿಕ್ಷಕರಿದ್ದಾರೆ. ವಿಧಿ ಮೀಸಲಾತಿಯನ್ನು ಕೊಟ್ಟಿತು. ಹತ್ತನೆಯ ತರಗತಿಯನ್ನೇ ದಾಟದ ಮಗುವಿಗೆ ಆ ವೈದ್ಯಕೀಯ ಸೀಟು ಎಟುಕುವುದಿಲ್ಲ. 1976ರಲ್ಲಿ ಯುವ ಸಚಿವರಾಗಿ 16,000 ಶಿಕ್ಷಕರ ನೇಮಕಕ್ಕೆ ದಾರಿ ಮಾಡಿದವರ ಪಕ್ಷವೇ ಈಗ ರಾಜ್ಯದಲ್ಲಿ ಅಧಿಕಾರದಲ್ಲಿದೆ, ಮಗನೇ ಕಲಬುರಗಿ ಜಿಲ್ಲೆಯ ಉಸ್ತುವಾರಿ ಸಚಿವ. ಆ ಹುದ್ದೆಗಳನ್ನು ಕಾಲಮಿತಿಯಲ್ಲಿ ತುಂಬಿಸುವಂತೆ ಪಕ್ಷದ ಅಧ್ಯಕ್ಷರು ತಮ್ಮದೇ ಸರ್ಕಾರಕ್ಕೆ ಬಹಿರಂಗವಾಗಿ ಹೇಳಲು ಯಾವ ಹೈಕಮಾಂಡ್‌ನ ಒಪ್ಪಿಗೆಯೂ ಬೇಕಾಗಿಲ್ಲ.